ಮುಕ್ಕಾಲು ಇಂಚು

ಯಲಹಂಕ ಹಳೇ ಪೇಟೆ, ಬಸ್‌ಸ್ಟಾಪಿನ ಹಿಂದೆ
ನಂದು ಬೀಗದ ಕೈ ಮಾಡುವ ಡಬ್ಬಿ ಅಂಗಡಿ.
ಪಕ್ಕದಲ್ಲಿ, ಕೊಡೆಯ ಕೆಳಗೆ, ಮುನಿಹನುಮ:
ಉಳಿ, ಅಟ್ಟೆ, ಮೇಣದ ದಾರ. ಮಾತು ಕಮ್ಮಿ.

ಸರ್ವಮಂಗಳ ಬರುತ್ತಿದ್ದುದು ಪಾಳಿ ಮುಗಿಸಿ,
ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯಿಂದ.
ಎಡಗಾಲು ಮುಕ್ಕಾಲು ಇಂಚು ಗಿಡ್ಡ,
ಎರಡು ವರ್ಷದವಳಿದ್ದಾಗ ಬಂದ ಜ್ವರ ಬಿಟ್ಟುಹೋದ ಬಾಕಿ.
ಟಕ್, ಆಮೇಲೊಂದು ಸಣ್ಣ ಸುಯ್.
ಆ ಸದ್ದು ಔಷಧಿ ಅಂಗಡಿ ದಾಟುವಾಗಲೇ
ಅವನು ಸ್ಟೂಲು ಒರೆಸಿ, ಕೊಡೆ ಸರಿಸುತ್ತಿದ್ದ.
"ಬಿಸಿಲು" ಅನ್ನುತ್ತಿದ್ದ ನನ್ನ ಕಡೆ ನೋಡಿ,
ರಾತ್ರಿ ಎಂಟು ಗಂಟೆಗೆ.

ಮೊದಲನೇ ವರ್ಷ ಅಟ್ಟೆಗೆ ರಬ್ಬರು ಅಂಟಿಸಿದ.
ಎರಡನೇ ವರ್ಷ ಅದನ್ನು ಕಿತ್ತು ಕಾರ್ಕು, ಹಗುರ ಅಂತ.
ಮೂರನೇ ವರ್ಷ "ಕಚ್ಚುತ್ತಾ?" ಅಂದ.
"ಸ್ವಲ್ಪ" ಅಂದಳು.
ಮೂರು ವರ್ಷಕ್ಕೆ ಇಷ್ಟೇ ಮಾತು. ನಾನೇ ಸಾಕ್ಷಿ.

ಇಸ್ಕೂಲಲ್ಲಿ ಮೇಷ್ಟ್ರು ಹೇಳಿದ ಕತೆ ನೆನಪಾಗುತ್ತಿತ್ತು ನನಗೆ:
ಒಲೆಬೂದಿಯ ಹುಡುಗಿ, ನಡುರಾತ್ರಿ, ಬಿಟ್ಟುಹೋದ ಪಾದರಕ್ಷೆ,
ರಾಜಕುಮಾರ ಡಂಗುರ ಹೊಡೆಸಿ ಊರ ಕಾಲೆಲ್ಲ ಅಳೆದನಂತೆ.
ಕುದುರೆ ಇದ್ದವನಿಗೇನು ಬಿಡಿ.

ನಮಗೆ ನಡುರಾತ್ರಿ ಅಂದರೆ ಒಂಬತ್ತೂ ನಲವತ್ತು,
ರಾಜಾನುಕುಂಟೆಯ ಕಡೇ ಬಸ್ಸು.
ಮಾಘದ ಚಳಿಯಲ್ಲಿ ಒಂದು ದಿನ
ಎಡಗಾಲಿನದು ಅವನ ತೊಡೆಯ ಮೇಲಿತ್ತು, ಹೊಲಿಗೆ ಅರ್ಧ.
ಬಸ್ಸು ಬಂತು.
ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು,
ಓಡಿ ಹತ್ತಿದಳು. ಕಂಡಕ್ಟರು ಸೀಟಿ ಊದಿದ.
ಮರುದಿನ ಬರಲಿಲ್ಲ. ಯುಗಾದಿಗೂ ಬರಲಿಲ್ಲ.

ಹುಡುಕೋ ಅಂದೆ. ಆಸ್ಪತ್ರೆ ಗೊತ್ತು, ಬಸ್ಸು ಗೊತ್ತು.
"ಮನೆಬಾಗಿಲಿಗೆ ಹೋದ್ರೆ
ಹೊಲಿಗೆ ದುಡ್ಡು ಕೇಳೋಕೆ ಬಂದ ಅಂದ್ಕೋತಾರೆ" ಅಂದ.

ಶನಿವಾರ ಶನಿವಾರ ಪಾಲಿಶು ಹಚ್ಚಿದ.
ಮಳೆ ಹಿಡಿದ ಮೇಲೆ ಪೇಪರು ಸುತ್ತಿ ಮನೆಗೆ ಒಯ್ದ,
ಬೆಳಿಗ್ಗೆ ತಂದ, ಊಟದ ಡಬ್ಬಿಯ ಹಾಗೆ.
ಹೂವಿನ ಗೌರಕ್ಕ ತಮಾಷೆಗೆ ಕಾಲು ತೂರಿಸಿ
ಎಡವಿ ನಕ್ಕಳು. ಅವನು ನಗಲಿಲ್ಲ.

ಶ್ರಾವಣದ ಒಂದು ಸಂಜೆ ಔಷಧಿ ಅಂಗಡಿ ಕಡೆಯಿಂದ ಸದ್ದು.
ಬೇರೆ ಸದ್ದು; ಸುಯ್ ಉದ್ದವಾಗಿತ್ತು.
ಆದರೂ ಅವನ ಕೈ ಸ್ಟೂಲಿಗೆ ಹೋಯಿತು.
"ಅಮ್ಮ ಹಾಸಿಗೆ ಹಿಡಿದಿದ್ರು. ಹೋದ ತಿಂಗಳು ಹೋದ್ರು."
ಕಾಲಲ್ಲಿ ಸವೆದ ಹವಾಯಿ.
ಅವನು ಪೇಪರು ಬಿಚ್ಚಿದ.
ಹಾಕಿಕೊಂಡು ಎದ್ದಳು, ನೆಟ್ಟಗೆ.
ಯಾರೂ ಕಹಳೆ ಊದಲಿಲ್ಲ.
ಅವಳ ಕಾಲಿಗೇ ಮಾಡಿದ್ದು, ಹಿಡಿಸದೆ ಇನ್ನೇನು?

ಕಡೇ ಬಸ್ಸು ಬಂತು, ನಿಂತಿತು, ಹೋಯಿತು.
ನಾನು ಷಟರ್ ಎಳೆಯುವ ನೆವದಲ್ಲಿ ನಿಂತೇ ಇದ್ದೆ.
ಆಗ ಕೇಳಿದಳು, ಕಾಲನ್ನೇ ನೋಡುತ್ತ:
"ನಿಮ್ಮನೇಲಿ ಚಪ್ಪಲಿ ಹಾಕ್ಕೊಂಡು
ಒಳಗೆ ಓಡಾಡಬಹುದಾ?
ಬರಿಗಾಲಲ್ಲಿ ತುಂಬ ಹೊತ್ತು ಒಲೆ ಮುಂದೆ ನಿಂತ್ರೆ
ನಂಗೆ ಸೊಂಟ ಹಿಡಿಯುತ್ತೆ."

ಮುನಿಹನುಮ ಉಳಿ ಕೆಳಗಿಟ್ಟ.
"ನಮ್ಮನೇಲಿ ದೇವರ ಪಟದ ಕೆಳಗೂ
ಚರ್ಮದ ಚೂರು ಬಿದ್ದಿರುತ್ತೆ," ಅಂದ,
"ನೋಡ್ಕೊಂಡು ಬರಬೇಕು."
"ಮೂರು ವರ್ಷದಿಂದ ನೋಡ್ಕೊಂಡೇ ಬರ್ತಿದೀನಿ."

ಸೋಮವಾರ ನನ್ನ ಮುಂದೆ
ಸವೆದ ಬೀಗದ ಕೈಯೊಂದನ್ನು ಇಟ್ಟ: ಇನ್ನೊಂದು ಮಾಡು.
ಹಲ್ಲು ಹಲ್ಲಿಗೂ ಅರ ಹಾಕಿ, ಊದಿ, ಕೊಟ್ಟೆ.
ದುಡ್ಡು ತಗೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತೆ.
ನಲವತ್ತು ರೂಪಾಯಿ. ಐವತ್ತು ಕೊಟ್ಟ, ಚಿಲ್ಲರೆ ಇರಲಿಲ್ಲ.
ಹತ್ತು ಇನ್ನೂ ಬಾಕಿ.