ಸೀಟ್‌ಬೆಲ್ಟ್ ಹಾಕಿದ ಹಿಟ್ಟು

ಬ್ಯಾಲರಾಟಿನ ಜುಲೈ ಎಂದರೆ
ನಲ್ಲಿಯ ನೀರಿಗೂ ಹಲ್ಲು.
ರಾತ್ರಿ ನಾದಿಟ್ಟ ಹಿಟ್ಟು ಬೆಳಗಾದರೂ
ಮುಸುಕೆಳೆದು ಮಲಗಿದ ಹಾಗೇ ಇತ್ತು,
ಏಳು ಎಂದರೆ ಏಳದು.

ಹೀಟರಿನ ಮುಂದಿಟ್ಟೆ, ಮಗ್ಗುಲೂ ಬದಲಿಸಲಿಲ್ಲ.
ಬಿಸಿನೀರ ಪಾತ್ರೆಯ ಮೇಲಿಟ್ಟೆ,
ಒಂದು ಗುಳ್ಳೆ, ಅಷ್ಟೆ.
ಕೊನೆಗೆ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ
ಕೆಲಸಕ್ಕೆ ಜೊತೆಗೇ ಕರೆದುಕೊಂಡು ಹೊರಟೆ.

ಎರಡು ಕಿಲೋ ಹಿಟ್ಟು, ಅದಕ್ಕಿಂತ ಭಾರದ ಪಿಂಗಾಣಿ ಬೋಗುಣಿ.
ಕಾರು ಯಾರೋ ಕೂತರೆಂದು ತಿಳಿದು
ಕೀಂ ಕೀಂ ಕೀಂ ಎಂದು ಗದರತೊಡಗಿತು.
ಸರಿ, ಬೆಲ್ಟ್ ಹಾಕಿದೆ.
ಸಿಗ್ನಲ್ಲಿನಲ್ಲಿ ಪಕ್ಕದ ಲಾರಿಯವನು
ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿ
ಹೆಬ್ಬೆರಳೆತ್ತಿದ.

ನಾನು ದಂತವೈದ್ಯರ ಬಳಿ ಎಕ್ಸ್‌ರೇ ತೆಗೆಯುವವಳು.
ದಿನವಿಡೀ ಊರಿನ ಬಾಯಿಗಳನ್ನು ಕಾಯ್ದು
ಸಂಜೆ ನನ್ನ ಬಾಯಿಗೆ ಕೆಲಸ ಕೊಡುತ್ತೇನೆ.
ಹನ್ನೊಂದರ ಟೀ ಬಿಡುವಿಗೆ ಓಡಿಹೋಗಿ ನೋಡಿದರೆ
ಗಾಜಿನೊಳಗಿನ ಬಿಸಿಲೆಲ್ಲ ಕುಡಿದು
ಮುಚ್ಚಿದ ಬಟ್ಟೆಯನ್ನೇ ರುಮಾಲು ಮಾಡಿಕೊಂಡು
ಎದ್ದು ಕೂತಿದೆ, ಮಹರಾಯ!

ಗುರುವಾರ ನಮ್ಮ ಹೊರಗಿನ ಊಟ.
ವಾಮನ ಎಲ್ಲಿಗೆ ಹೋದರೂ ಅಣಬೆಯದ್ದೇ ಏನಾದರೂ ತರಿಸುತ್ತಾನೆ,
"ಗೊತ್ತಿರುವ ದಾರಿ" ಎನ್ನುತ್ತಾನೆ.
ಪಾಪ, ಅವನ ತಟ್ಟೆಯಲ್ಲೂ ಓಡಾಡುವುದು ನನ್ನ ಚಮಚವೇ.
ಕೈಚೀಲದಲ್ಲಿ ಎಣ್ಣೆಕಲೆಯ ನೋಟ್‌ಬುಕ್ಕು:
'ಲೆಬನಾನಿನವರ ಬದನೆ, ಸುಟ್ಟ ಘಮ ಸರಿಯಾಗಿದೆ,
ಬೆಳ್ಳುಳ್ಳಿ ಒಂದೆಸಳು ಹೆಚ್ಚು.'
'ತುಯೆಟ್ ಅಂಗಡಿಯ ಪೈ, ಉಸಿರು ತಾಗಿದರೂ ಉದುರುವ ಪದರ.
ಬೆಣ್ಣೆ ಎಷ್ಟೆಂದು ಕೇಳಿದೆ. ನಕ್ಕಳು.'
ಊಟ ಬಲ್ಲವನಿಗೆ ರೋಗವಿಲ್ಲ ಎಂದ ಹಿರಿಯರು
ತುಯೆಟ್ ಅಂಗಡಿಗೆ ಹೋದವರಲ್ಲ ಬಿಡಿ.
ನನಗೆ ಊಟವೂ ಗೊತ್ತು,
ಕೊಲೆಸ್ಟೆರಾಲಿನ ಅಂಕಿಯೂ ಬಾಯಿಪಾಠ.

ಪಕ್ಕದ ಮನೆಯ ಡೊರೀನ್‌ಗೆ ಎಪ್ಪತ್ತೊಂಬತ್ತು.
ಹೋದ ವರ್ಷ ಬಂದ ಜ್ವರ
ಹೋಗುವಾಗ ಅವಳ ಮೂಗನ್ನು ಬರಿದು ಮಾಡಿ ಹೋಯಿತು.
ಈಗ ಕಾಫಿ ಎಂದರೆ ಬಿಸಿ, ಕಹಿ.
ಕಿತ್ತಳೆ ಎಂದರೆ ಹುಳಿ, ಒದ್ದೆ.
ಪ್ರತಿ ಶುಕ್ರವಾರ ಬೇಲಿಯಾಚೆಯಿಂದ ಕೂಗುತ್ತಾಳೆ,
"ನಿನ್ನೆ ಏನು ತಿಂದೆ? ಹೇಳು. ನಿಧಾನವಾಗಿ."

ಹೇಳುತ್ತೇನೆ. ಸುಟ್ಟ ಕೆಂಪು ಮೆಣಸಿನಕಾಯಿ,
ದಾಳಿಂಬೆ ರಸದ ಕಪ್ಪು ಪಾಕ,
ಅರೆದ ಅಕ್ರೋಟಿನ ಸಿಪ್ಪೆಯ ಒಗರು...
ಅಲ್ಲಿಗೆ ಬಂದು ನಿಂತುಬಿಟ್ಟೆ.
ಒಗರಿಗೆ ಅವರಲ್ಲೊಂದು ಮಾತಿದೆ,
ಮುಖಕ್ಕೆ ಹಚ್ಚುವ ಶೀಷೆಗಳ ಮೇಲಿರುವಂಥದು,
ಅದನ್ನು ಚಪ್ಪರಿಸಲಾಗದು.
"ನಾಲಿಗೆ ಕಂಬಳಿ ಹೊದ್ದ ಹಾಗೆ" ಎಂದೆ.
ಡೊರೀನ್ ಕಣ್ಣು ಮುಚ್ಚಿದಳು.
ಬಾಯೊಳಗೆ ಏನನ್ನೋ ಹುಡುಕಿದಳು.
"ನಮ್ಮಪ್ಪನ ಕ್ವಿನ್ಸ್ ಮರ," ಎಂದಳು,
"ಹಣ್ಣಾಗುವ ಮುಂಚೆ ಕಚ್ಚಿ ಬೈಸಿಕೊಂಡಿದ್ದೆ."
ಹೌದು, ಅದೇ.

ಸಂಜೆ ಒಲೆಯಿಂದ ತೆಗೆದರೆ ಬ್ರೆಡ್ಡು
ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು,
ಥೇಟು ಹಲ್ಲುನೋವಿನ ಕೆನ್ನೆ.
ಅತಿಯಾಗಿ ಹುದುಗಿತ್ತು. ಬಿಸಿಲಿನ ತಪ್ಪು,
ನನ್ನದೂ ಇರಬಹುದು.
ಬಟ್ಟೆಯಲ್ಲಿ ಸುತ್ತಿಕೊಂಡು ಬೇಲಿ ಸುತ್ತಿ ಓಡಿದೆ.

ಅವಳು ಚಾಕು ಎತ್ತಿದಳು.
"ತಡಿ, ಕೊಯ್ಯಬೇಡ, ಮೊದಲು ಕೇಳು."
ಕಿವಿಯ ಯಂತ್ರದ ಗುಂಡಿ ತಿರುವಿ
ಬಾಗಿ, ಕೆನ್ನೆಗೆ ಕೆನ್ನೆ ತಾಗಿಸುವಷ್ಟು ಬಾಗಿ
ಬ್ರೆಡ್ಡಿಗೆ ಕಿವಿ ಕೊಟ್ಟಳು.
ಚಿಟ್. ಚಿಟಚಿಟ. ಚಿಟ್.
ಆರುತ್ತ ಆರುತ್ತ ಬಿರಿಯುವ ಹೊರಪದರ.
ಅಡುಗೆಮನೆಯ ಗಡಿಯಾರ ಸುಮ್ಮನಿದ್ದಿದ್ದರೆ ಚೆನ್ನಿತ್ತು.

ಬಹಳ ಹೊತ್ತಾದ ಮೇಲೆ ತಲೆಯೆತ್ತಿ
"ಉಪ್ಪು ಸ್ವಲ್ಪ ಕಡಿಮೆ" ಎಂದಳು.

ಆಮೇಲೆ ತಿಂದು ನೋಡಿದೆ.
ನಿಜ.