ತುಂಡುಗಿವಿ, ಸಂಚಿಕೆ ಒಂಬತ್ತು

ಬೀದರಿನ ಉದಗೀರ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ.
ಹಗಲೆಲ್ಲ ಜಾತಿ ಪತ್ರ, ಪಹಣಿ, ಆಧಾರ್;
ಶಟರು ಅರ್ಧ ಇಳಿದ ಮೇಲೆ
ಅದೇ ಗಾಜಿನ ಮೇಲೆ ಬೋರಲು ಮಲಗುತ್ತಿತ್ತು
ನಸ್ರೀನಳ ಮುಂಗಸಿ.

ಎಡಗಿವಿ ಹರಿದದ್ದು. ನೌಬಾದಿನ ಸುರಂಗ ಬಾವಿಗಳೊಳಗೆ
ಒಂದು ಕಂಡಿಯಿಂದ ಇನ್ನೊಂದು ಕಂಡಿಗೆ
ನೀರಿನ ಜಾಡು ಹಿಡಿದು ಓಡುವುದು ಅದರ ಕೆಲಸ.
ವೈರಿ ಹಾವಲ್ಲ; ಹಾವಿನ ಹಾಗೆ ಬಿದ್ದುಕೊಂಡ
ಟ್ಯಾಂಕರಿನ ಪೈಪು.
ಮಾತು ನನ್ನದು, ಗೆರೆ ಅವಳದು,
ಹದಿನಾರು ಪುಟ, ಎರಡು ಪಿನ್ನು, ಹದಿನೈದು ರೂಪಾಯಿ.
ಇನ್ನೂರು ತೆಗೆದು ಎಂಬತ್ತು ಮಾರಿ
ಉಳಿದವನ್ನು ಬಸ್ಸಿನ ಸೀಟಿನಲ್ಲಿ
ಮರೆತವರಂತೆ ಬಿಟ್ಟು ಇಳಿಯುತ್ತಿದ್ದೆವು.

ಎಂಟು ಸಂಚಿಕೆ ಹಾಗೇ ನಡೆಯಿತು.
ಒಂಬತ್ತರಲ್ಲಿ ಕಥೆ ನನ್ನ ಕೈಯಲ್ಲೇ ಸಿಕ್ಕಿಬಿತ್ತು:
ಮುಂದೆ ಕುಸಿದ ಮಣ್ಣು, ಹಿಂದೆ ಪೈಪು,
ನಡುವೆ ಮುಂಗಸಿ, ನನಗೆ ದಾರಿ ತೋಚದು.
ನಸ್ರೀನಳಿಗೋ ಅಕ್ಕನ ಹೆರಿಗೆ, ಝಹೀರಾಬಾದಿನ ಬಸ್ಸಿನ ಅವಸರ.
ಕೊನೆಯ ಪುಟಕ್ಕೆ ಪೂರಾ ಕಪ್ಪು ಬಳಿದು
"ಸುರಂಗದಾಗ ಕತ್ತಲಿ ಇರ್ತದಲ್ಲ" ಅಂದು
ಚಪ್ಪಲಿ ಮೆಟ್ಟಿ ಹೋದಳು.
ಟೋನರು ನುಂಗಿದ ಪುಟ ಅದು. ಅಷ್ಟೇ.

ಮೊದಲು ಬಂದವನು ವೈಜನಾಥ, ಔರಾದ ಬಸ್ಸಿನ ಕಂಡಕ್ಟರ್.
"ನಿಮ್ಮ ಕರಿ ಹಾಳಿ ಸಲುವಾಗಿ ಸಂತಪುರ ತನಕ ಜಗಳ ಆಯ್ತ್ರಿ.
ಒಬ್ಬಾಕಿ ಅಂತಾಳ ಸತ್ತದ, ಒಬ್ಬಾವ ಅಂತಾನ ಮಲಗ್ಯಾದ.
ಟಿಕೆಟ್ ಕೊಡೋದೇ ಮರ್ತೆ. ಏನಾಗ್ಯಾದ, ಹೇಳಿಬಿಡ್ರಿ."
ಯಾರದೋ ಪಹಣಿಯ ಅಂಚು ಸರಿಮಾಡುತ್ತ
"ಮುಂದಿನದ್ರಾಗ ನೋಡ್ರಿ" ಅಂದೆ.
ಸುಳ್ಳು ಹೇಳುವಾಗ ಯಂತ್ರದ ಬೆಳಕು
ಮುಖದ ಮೇಲೆ ಹಾದುಹೋಯಿತು.

ಆಮೇಲೆ ಕಮಠಾಣದಿಂದ ಕಾರ್ಡು, ಪೆನ್ಸಿಲಿನಲ್ಲಿ:
"ನಾ ಮಹಾನಂದಾ, ಐದನೇತ್ತ.
ಹಾಳಿಗಿ ಕಿವಿ ಹಚ್ಚಿ ಕೇಳೀನಿ, ನೀರಿನ ಸಪ್ಳ ಬರ್ಲತ್ತದ.
ತಮ್ಮಗ ಕೇಳ್ಸಲ್ಲ, ಅವ ಇನ್ನಾ ಸಣ್ಣಾವ ಹಾನ."

ಚೌಬಾರದ ಹಿಂದಿನ ಗಲ್ಲಿಯ ಖಾದರಮಿಯಾ,
ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಗುಣ ಹೇಳುವ ಬಿದರಿಯ ಕುಶಲಿ,
ಆ ಪುಟವನ್ನೇ ಹರಿದು ತಂದರು.
ಉಳಿಯ ಮೊನೆಯಿಂದ ಕಪ್ಪು ಕೆರೆದು
ಅಕ್ಕಪಕ್ಕ ಎರಡು ಬಿಳಿ ಚುಕ್ಕೆ.
"ಕರೀದು ಬಳದ್ರ ಕೆಲ್ಸ ಮುಗೀತೇನ್ ಬೇಟಾ?
ಕರೀದ್ರಾಗ ಬೆಳ್ಳಿ ಕೂಡ್ಸಬೇಕು.
ಒಂಬತ್ತು ಪುಸ್ತಕದಾಗೂ ಇದು ಎಡಕ್ಕೇ ಓಡ್ಯಾದ,
ಒಮ್ಮೆನೂ ನಮ್ ಕಡಿ ನೋಡಿಲ್ಲ.
ನಾ ತಿರುಗ್ಸೀನಿ."

ನಸ್ರೀನಳಿಗೆ ಎಡಮುಖ ಬಿಟ್ಟು ಬೇರೆ ಬರೆಯಲು ಬರುತ್ತಿರಲಿಲ್ಲ.
ಅದು ನನಗೆ ಗೊತ್ತಿರಲಿಲ್ಲ.
ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ನೌಬಾದಿನ ಕಂಡಿಯ ಬಳಿ ಹನ್ನೊಂದು ಮಂದಿ.
ವೈಜನಾಥ ಚೂಡಾ ತಂದಿದ್ದ, ಈರುಳ್ಳಿ ಮರೆತಿದ್ದ.
ಒಬ್ಬೊಬ್ಬರಾಗಿ ಬಗ್ಗಿ ಇಣುಕಿದೆವು.
ಮುಂಗಸಿ ಬರಲಿಲ್ಲ. ಬಂದಿತ್ತೆಂದು ಬರೆಯಲು
ಮನಸ್ಸಾಗುತ್ತದೆ, ಬರಲಿಲ್ಲ.
ಒಂದು ಕಲ್ಲು ಬಿಟ್ಟೆವು;
ಮಹಾನಂದಾ ಮೂರರ ತನಕ ಎಣಿಸಿದಳು,
ತಳದಲ್ಲಿ ಏನೋ ತೊಯ್ದಂಥ ಸದ್ದು.

ನಸ್ರೀನ್ ಎಲ್ಲರ ಹಿಂದೆ ನಿಂತಿದ್ದಳು,
ಬರೆದವಳು ತಾನೆಂದು ಯಾರಿಗೂ ಹೇಳದೆ.
ಹುಡುಗಿ ತಿರುಗಿ ನೋಡಿ
ಅವಳ ತೋರುಬೆರಳಿನ ಆರದ ಮಸಿಯನ್ನು ಮುಟ್ಟಿ
"ನೀನೇ" ಅಂದಳು. ಪ್ರಶ್ನೆಯಲ್ಲ.
ಆಮೇಲೆ ಬೈದಳು:
"ಅದರ ಬಲಗಿವಿ ಹ್ಯಾಂಗದ, ತೋರ್ಸೇ ಇಲ್ಲಲ್ಲ ನೀ!"

ಹತ್ತನೆಯದು ಇನ್ನೂ ಮುಗಿದಿಲ್ಲ.
ಮುಂಗಸಿ ನಮ್ಮ ಕಡೆ ತಿರುಗಲು ಹೊರಟಿದೆ,
ಮೂಗು ಸರಿಯಾಗುತ್ತಿಲ್ಲ,
ಒಮ್ಮೆ ಹಂದಿ, ಒಮ್ಮೆ ನಮ್ಮ ತಹಶೀಲ್ದಾರರು.
ಗಾಜಿನ ಮೇಲೆಲ್ಲ ರಬ್ಬರಿನ ಪುಡಿ.
ನಿನ್ನೆ ಒಬ್ಬರು ಆಧಾರ್ ಪ್ರತಿ ಹಿಡಿದು ಕೇಳಿದರು,
"ನನ್ನ ಹಣಿ ಮ್ಯಾಲ ಎರಡು ಚುಕ್ಕಿ ಏನ್ರಿ ಇವು?"
ಗಾಜು ಒರೆಸಿ ಇನ್ನೊಂದು ತೆಗೆದುಕೊಟ್ಟೆ.
ಚುಕ್ಕಿಯದನ್ನು ನಾನೇ ಇಟ್ಟುಕೊಂಡೆ.