ಊದಿ ನೋಡುವ ಅಳತೆ

ಯಮನೂರಪ್ಪ ಗೋಣಿಚೀಲ ಸುರುವಿದ.
ಎಂಟು ಬಂದೂಕು.
"ಬಂದೂಕಲ್ಲೋ, ಮಾರ್ಕರ್ ಅನಬೇಕಂತ ಇವಕ್ಕ,
ಬಣ್ಣ ಉಗುಳ್ತಾವ, ಅಷ್ಟ."
ಸಾಣಾಪುರದ ಬಂಡೆಗಳ ನಡುವೆ ಬಲೆ ಕಟ್ಟಿ
ಬಂದವರನ್ನು ಎರಡು ಪಂಗಡ ಮಾಡಿ ಬಿಡುತ್ತಾನೆ:
ತಲೆಗೊಂದು ಮುಖವಾಡ, ತಲೆಗಿಷ್ಟು ರೊಕ್ಕ.
ಈಗ ಎಂಟೂ ಕೆಮ್ಮುತ್ತಿದ್ದವು.
"ಅಕ್ಕಿ ಗಿರಣಿ ಷಾಫ್ಟ್ ಕಡಿಯಾಂವ ನೀನು.
ಇದೇನು ನಿನಗ?"

ಏನು ಅಂದರೆ, ಇದು:
ಷಾಫ್ಟು ಒಂದು ಕೂದಲು ತಪ್ಪಿದರೂ
ಬುಷ್ಷು ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.
ಗಾಳಿ ಹಾಕಿಕೊಳ್ಳುವುದಿಲ್ಲ.
ಗಾಳಿಗೆ ಕೂದಲೆಂದರೆ ಹೆದ್ದಾರಿ.

ಹಿರೇಜಂತಕಲ್ಲಿನ ನಮ್ಮ ಪಡಸಾಲೆಯಲ್ಲಿ
ಮುಚ್ಚಿದ ಗಿರಣಿಯಿಂದ ತೂಕಕ್ಕೆ ಕೊಂಡ ಲೇಥು.
ಮೋಟರು ಎದ್ದರೆ ಪಕ್ಕದ ಮನೆ ಬಲ್ಬು ಕಣ್ಣು ಕಿರಿದುಮಾಡುತ್ತದೆ,
ರಜಬಲಿ ಗೋಡೆ ಗುದ್ದುತ್ತಾನೆ.
ಊರ ಗಿರಣಿಗಳೆಲ್ಲ ನಿಂತು
ವೋಲ್ಟೇಜು ನೆಟ್ಟಗಾಗುವುದು ರಾತ್ರಿ ಹನ್ನೊಂದಕ್ಕೆ.
ಆಗ ನಿಲ್ಲುತ್ತೇನೆ.
ಮೂರು ದವಡೆಯಲ್ಲಿ ಕಚ್ಚಿಸಿದ ಅಲ್ಯೂಮಿನಿಯಂ ಸರಳು
ಸುತ್ತಿ ಸುತ್ತಿ ನಿಂತಂತೆಯೇ ಕಾಣುತ್ತದೆ.
ಸೀಮೆಎಣ್ಣೆ ಒಂದು ಹನಿ.
ಟೂಲು ತಾಗಿದಲ್ಲಿ ಶಾವಿಗೆ ಏಳುತ್ತದೆ, ಬೆಳ್ಳಗೆ,
ಪಾದದ ಮೇಲೆ ಬಿದ್ದು ಸುಡುತ್ತದೆ.

ಬೋಲ್ಟು ಕೂತಿತು.
ಓ-ರಿಂಗಿಗೆ ಸಣ್ಣ ಸಣ್ಣ ಕಾಲುವೆ ತೋಡಿದೆ,
ಎಡದಂಡೆ ತೋಡಿದವರಿಗಿಂತ ಮುತುವರ್ಜಿಯಿಂದ;
ನಡುವೆ ಸೋರಿದರೆ ಕೊನೆಗೆ ಮುಟ್ಟುವುದಿಲ್ಲ
ಎಂಬುದು ಇಲ್ಲಿ ಯಾರಿಗೆ ಗೊತ್ತಿಲ್ಲ.

ಒಲ್ಲೆ ಎಂದದ್ದು ಬ್ಯಾರಲ್.
ರಾತ್ರಿ ಸರಿಹೋದ ಕೊಳವೆಯಲ್ಲಿ
ಮಧ್ಯಾಹ್ನ ಉಂಡೆ ಸಿಕ್ಕಿ ಒಡೆಯುತ್ತದೆ,
ಒಳಗೆಲ್ಲ ಕಿತ್ತಳೆ ಲೋಳೆ.
ವರ್ನಿಯರ್ ಆಣೆ ಇಟ್ಟು ಹೇಳುತ್ತದೆ, ಅಳತೆ ಸರಿ ಇದೆ.
ನಾಲ್ಕು ದಿನ ಅದನ್ನೇ ಹೇಳಿತು.

ಹುಲಿಗೆಮ್ಮಕ್ಕ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.
ಮಂಡಕ್ಕಿ ಭಟ್ಟಿಯಲ್ಲಿ ಹತ್ತೊಂಬತ್ತು ವರ್ಷ ಕಳೆದವಳು.
"ಬ್ಯಾಸಗ್ಯಾಗ ಉಬ್ಬಲಾರದ್ದು ಏನೈತಿ?
ಉಂಡಿ ಬೆಳದೈತಿ. ನಿನ್ನ ಕೊಳವಿ ಬೆಳದಿಲ್ಲ."
ಕೈಯಿಂದ ಕಿತ್ತುಕೊಂಡಳು, ಉಂಡೆ ಇಟ್ಟಳು,
ಊದುಗೊಳವೆಯಂತೆ ತುಟಿಗೆ ಹಚ್ಚಿದಳು.
ಮೊದಲನೆಯದು ಉಸಿರಿಗೆ ಮುಂಚೆಯೇ ಜಾರಿತು.
ಇನ್ನೊಂದು ಕೆನ್ನೆ ಹಿಗ್ಗಿದರೂ ಅಲ್ಲಾಡಲಿಲ್ಲ.
ಒಂದು ಅಲ್ಲೇ ಒಡೆದು ಬಾಯಿಗೇ ಬಂತು, ಉಗುಳಿ ಬೈದಳು,
ನನ್ನನ್ನು, ಸಾಣಾಪುರವನ್ನು, ಬಿಸಿಲನ್ನು.
ನಾನು ರೀಮರ್ ಹಾಕುತ್ತ ಹೋದೆ, ಅವಳು ಊದುತ್ತ ಹೋದಳು.
ಏಳನೆಯದೋ ಎಂಟನೆಯದೋ.
ಕೆಂಡ ಏಳಬೇಕು, ಬೂದಿ ಏಳಬಾರದು,
ಅಷ್ಟೇ ಉಸಿರು.
ಉಂಡೆ ಹೊರಟು, ಅವಸರವಿಲ್ಲದೆ,
ಆಚೆ ತುದಿಗೆ ಒಡ್ಡಿದ ಅಂಗೈಯಲ್ಲಿ ಬಂದು ಕೂತಿತು.
"ಇದು."

ಅಳೆದೆ. ಇದ್ದಲಿಂದ ಗೋಡೆಗೆ ಅಂಕಿ ಬರೆದೆ,
ಮುಂದೆ ಬರೆದೆ: ಅಕ್ಕ, ಮಧ್ಯಾಹ್ನ ಎರಡು ಗಂಟೆ.
ಬೆಳಗಿನದಕ್ಕೆ ಬೇರೆ, ಹೊತ್ತು ಮುಳುಗುವಾಗಿನದಕ್ಕೆ ಬೇರೆ.
ಎಂಟು ಮಾರ್ಕರಿಗೆ ಇಪ್ಪತ್ತನಾಲ್ಕು ಕೊಳವೆ,
ಗುರುತಿಗೆ ಕೊರಳಲ್ಲಿ ಒಂದು, ಎರಡು, ಮೂರು ಗೆರೆ.

ಯಮನೂರಪ್ಪ ಹಿತ್ತಿಲ ಗೋಡೆಗೆ ಹಾರಿಸಿ ನೋಡಿದ.
ಹತ್ತಕ್ಕೆ ಹತ್ತು, ಒಂದೇ ಇಟ್ಟಿಗೆ.
ಕೆಮ್ಮಿಲ್ಲ.
ರೊಕ್ಕ ಎಣಿಸುತ್ತ ಕೇಳಿದ,
"ಈ ಅಳತಿ ಹೆಂಗ ಹಿಡದಿಯೋ ಮಾರಾಯ?"
ನಾನು ವರ್ನಿಯರ್ ಎತ್ತಿ ತೋರಿಸಿದೆ.

ಒಳಗೆ ಅಕ್ಕ ಕೆಮ್ಮಿದಳು.
ಭಟ್ಟಿಯ ಹೊಗೆಯದ್ದೋ, ನನಗೆಂದೇ ಕೆಮ್ಮಿದ್ದೋ,
ಅಳೆಯಲು ನನ್ನಲ್ಲಿ ಉಪಕರಣವಿಲ್ಲ.
ಆಮೇಲೆ ನೀರಿನ ಚೊಂಬು ಹಿಡಿದು
ಹೊರಗೆ ಬಂದಳು,
ತುಟಿಯ ಸುತ್ತ ಇನ್ನೂ ಹೋಗದ ಕಿತ್ತಳೆ ಬಣ್ಣ.
ಯಮನೂರಪ್ಪ ಅವಳನ್ನು ನೋಡಿದ,
ವರ್ನಿಯರ್ ನೋಡಿದ,
ಗಟಗಟ ನೀರು ಕುಡಿದ.